ಹಾಲಿನ ಲೋಟ ಎಣಿಸಬಲ್ಲ ಮಗು, ತರಗತಿಯಲ್ಲಿ ಮೌನ: ಹೊಸ ಪ್ರಾಥಮಿಕ ಶಿಕ್ಷಕಿಯೊಬ್ಬರ ಪ್ರಕರಣ

ಇದು ಕಾರವಾರ ತಾಲ್ಲೂಕಿನ ಕಡಲಂಚಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 2023-24ನೇ ಸಾಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ಒಬ್ಬರ ಪ್ರಕರಣ. ಶಿಕ್ಷಕಿಯ ಹೆಸರು, ಶಾಲೆ, ಮಕ್ಕಳ ಗುರುತು ಯಾವುದನ್ನೂ ಕೊಟ್ಟಿಲ್ಲ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದೆ. ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಮಾಡುತ್ತಿರುವವರು, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೂರುವವರು, ಮೊದಲ ವರ್ಷದ ಅತಿಥಿ ಶಿಕ್ಷಕರನ್ನು ಕೈಹಿಡಿದು ನಡೆಸಬೇಕಾದ ಮುಖ್ಯ ಶಿಕ್ಷಕರು ಇದನ್ನು ಓದಲಿ ಎಂಬುದು ಉದ್ದೇಶ.

ಹಿನ್ನೆಲೆ

ಶಿಕ್ಷಕಿ ಘಟ್ಟದ ಮೇಲಿನವರು, ಶಿರಸಿ ಕಡೆಯ ಹಳ್ಳಿ. ಪಿಯುಸಿ ಕಲಾ ವಿಭಾಗ ಮುಗಿದದ್ದು 2015ರಲ್ಲಿ. ಚಿಕ್ಕ ಮಕ್ಕಳಿಗೆ ಕಲಿಸಬೇಕೆಂಬುದು ಅವರ ಮಟ್ಟಿಗೆ ಆಗಲೇ ಖಚಿತವಾಗಿತ್ತು. ಊರಿನವರ ಸಲಹೆ ಬೇರೆ: ಪದವಿ ಮಾಡು, ಬಿ.ಇಡಿ ಮಾಡು, ಹೈಸ್ಕೂಲಿಗೂ ಆಗುತ್ತದೆ. ಡಿ.ಎಲ್.ಇಡಿಗೆ ಈಗ ಯಾರು ಹೋಗುತ್ತಾರೆ ಎಂಬ ಮಾತು ಆಗ ಎಲ್ಲ ಕಡೆ ಇತ್ತು, ಈಗಲೂ ಇದೆ.

ಅವರು ಎರಡು ವರ್ಷದ ಡಿ.ಎಲ್.ಇಡಿಯನ್ನೇ ಆರಿಸಿಕೊಂಡರು. ಮುಗಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದರು. ಈ ಎರಡು ನಿರ್ಧಾರಗಳನ್ನು ಒಟ್ಟಿಗೆ ನೋಡಬೇಕು. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಯಮದಂತೆ ಡಿ.ಎಲ್.ಇಡಿ ಇದ್ದವರು 1ರಿಂದ 5ನೇ ತರಗತಿಗೆ ಅರ್ಹರು. ಅದರ ಮೇಲೆ ಪದವಿ ಸೇರಿದರೆ 6ರಿಂದ 8ಕ್ಕೂ ಅರ್ಹರು. ಬಿ.ಇಡಿ ಆದವರಿಗೆ ಹೀಗೆ ಕೆಳಗಿನ ತರಗತಿಗಳಿಗೆ ಬರುವ ಅನುಕೂಲವಿಲ್ಲ. ಬಿ.ಇಡಿ ಆದವರೂ 1ರಿಂದ 5ಕ್ಕೆ ಬರಬಹುದು ಎಂದು 2018ರಲ್ಲಿ ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಆ ದಾರಿಯನ್ನು ಮುಚ್ಚಿತು. ಪುಟ್ಟ ಮಕ್ಕಳಿಗೆ ಕಲಿಸುವುದು ಬೇರೆಯೇ ತರಬೇತಿ ಬೇಡುವ ಕೆಲಸ, ಬಿ.ಇಡಿ ಅದನ್ನು ಕೊಡುವುದಿಲ್ಲ ಎಂಬುದು ತೀರ್ಪಿನ ತಿರುಳು. ಹೀಗಾಗಿ ಯಾವ ಕೋರ್ಸಿಗೆ ‘ಸ್ಕೋಪ್’ ಜಾಸ್ತಿ ಎಂದು ಕೇಳುವ ಮೊದಲು ಎಷ್ಟು ವಯಸ್ಸಿನ ಮಕ್ಕಳ ಮುಂದೆ ನಿಲ್ಲಬೇಕೆಂದಿದ್ದೀರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಟಿಇಟಿ ಮತ್ತು ಕೈತಪ್ಪಿದ ಅರ್ಜಿ

ಟಿಇಟಿ ಪತ್ರಿಕೆ-1 ಎಂದರೆ ಎರಡೂವರೆ ಗಂಟೆ, 150 ಪ್ರಶ್ನೆ, 150 ಅಂಕ: ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ, ಭಾಷೆ-1, ಭಾಷೆ-2, ಗಣಿತ, ಪರಿಸರ ಅಧ್ಯಯನ, ತಲಾ 30. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬೇಕು. 2020ರಲ್ಲಿ ಶಿಕ್ಷಕಿಗೆ ಬಂದದ್ದು 84. ಒಡೆದು ನೋಡಿದರೆ ಗಣಿತ 22, ಕನ್ನಡ 21, ಪರಿಸರ 20, ಇಂಗ್ಲಿಷ್ 11, ಶಿಶು ವಿಕಸನ 10. ಡಿ.ಎಲ್.ಇಡಿಯಲ್ಲಿ ಎರಡು ವರ್ಷ ಓದಿದ ವಿಷಯದಲ್ಲೇ ಅತಿ ಕಡಿಮೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅವರು ಪಿಯಾಜೆ, ವೈಗೋಟ್ಸ್ಕಿ, ಕೋಲ್‌ಬರ್ಗ್ ಎಂಬ ಮನೋವಿಜ್ಞಾನಿಗಳ ಹೆಸರುಗಳನ್ನೂ ಹಂತಗಳನ್ನೂ ಬಾಯಿಪಾಠ ಮಾಡಿದ್ದರು. ಪ್ರಶ್ನೆಗಳು ಬರುವುದು ಸನ್ನಿವೇಶದ ರೂಪದಲ್ಲಿ: ಒಂದು ಮಗು ಹೀಗೆ ಮಾಡುತ್ತಿದೆ, ಶಿಕ್ಷಕರು ಏನು ಮಾಡಬೇಕು? ನಾಲ್ಕು ಆಯ್ಕೆಗಳಲ್ಲಿ ಎರಡು ಸರಿಯೆಂದೇ ಕಾಣುತ್ತವೆ. ಮರುವರ್ಷ ಗೈಡು ಬದಿಗಿಟ್ಟು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಕೀ ಉತ್ತರ ತೆಗೆದುಕೊಂಡರು. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಸರಿ ಉತ್ತರ ಯಾಕೆ ಸರಿ ಎಂದು ಒಂದು ಸಾಲು ಬರೆದರು. 2021ರಲ್ಲಿ 102 ಬಂತು. ಶಿಶು ವಿಕಸನದಲ್ಲೇ 19. ಪ್ರಮಾಣಪತ್ರಕ್ಕೆ ಈಗ ಅವಧಿಯ ಮಿತಿಯಿಲ್ಲ, ಜೀವನಪೂರ್ತಿ ನಡೆಯುತ್ತದೆ.

ಎಡವಿದ್ದು ಬೇರೆ ಕಡೆ. ಪತ್ರಿಕೆ-2 (6ರಿಂದ 8ನೇ ತರಗತಿ) ಅದೇ ದಿನವೇ ಇರುತ್ತದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ‘ನನಗೆ ಚಿಕ್ಕ ಮಕ್ಕಳೇ ಬೇಕು’ ಎಂದು ಅವರು ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ (6ರಿಂದ 8ನೇ ತರಗತಿ) ಹುದ್ದೆಗಳಿಗೆ ಕರೆ ಬಂದಾಗ ಪದವಿ ಇತ್ತು, ಡಿ.ಎಲ್.ಇಡಿ ಇತ್ತು, ಪತ್ರಿಕೆ-2 ಇರಲಿಲ್ಲ. ಮನಸ್ಸು 1ರಿಂದ 5ರ ಕಡೆ ಇರುವವರೂ, ಪದವಿ ಇದ್ದರೆ ಎರಡೂ ಪತ್ರಿಕೆ ಬರೆದಿಟ್ಟುಕೊಳ್ಳಬೇಕು. ಕಳೆದುಕೊಳ್ಳುವುದು ಶುಲ್ಕ ಮತ್ತು ಒಂದು ಮಧ್ಯಾಹ್ನ ಮಾತ್ರ.

ಖಾಯಂ ಹುದ್ದೆ ದೂರವಾದ ಮೇಲೆ ಉಳಿದದ್ದು ಅತಿಥಿ ಶಿಕ್ಷಕರ ಕೆಲಸ. ಆಗ ತಿಂಗಳಿಗೆ 10,000 ರೂಪಾಯಿ ಗೌರವಧನ, ಅದೂ ಅನುದಾನ ಬಿಡುಗಡೆಯಾದಾಗ. ಬೇಸಿಗೆ ರಜೆಗೆ ಏನೂ ಇಲ್ಲ. ಬಾಡಿಗೆ ಕೋಣೆ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಆದರೂ ಬಂದರು.

ತರಗತಿ

ಶಾಲೆಯಲ್ಲಿ 27 ಮಕ್ಕಳು. ಮುಖ್ಯ ಶಿಕ್ಷಕರೊಬ್ಬರೇ ಖಾಯಂ. 4-5ನೇ ತರಗತಿ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ನಮೂದು, ಮೀಟಿಂಗು ಎಲ್ಲ ಅವರ ತಲೆಯ ಮೇಲೆ. 1ರಿಂದ 3ರ ನಲಿ-ಕಲಿ ಕೋಣೆ ಹೊಸಬರ ಪಾಲಿಗೆ ಬಂತು. ಒಟ್ಟು 16 ಮಕ್ಕಳು, ಅದರಲ್ಲಿ ಒಂದನೇ ತರಗತಿಯವರು ಆರು.

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ಪದ್ಧತಿ ಇದು. ಮೂರು ತರಗತಿಯವರು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಐದು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಎರಡು ಗುಂಪುಗಳಿಗೆ ಸಹಪಾಠಿಗಳ ಬೆಂಬಲ, ಕೊನೆಯದು ಸ್ವಕಲಿಕೆ. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿ, ಆ ಮೆಟ್ಟಿಲಿನ ಲೋಗೊ (ಗುರುತಿನ ಚಿತ್ರ) ಇರುವ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಬೇಕು. ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದ, ಕೂಡಿಸಿದರೆ ಪದವಾಗುವ ರ, ಗ, ಸ, ದ, ಅ ಮೊದಲು. ಸರ, ಅರಸ, ಅಗಸ, ಗರಗಸ ಹೀಗೆ ಓದು ಶುರುವಾಗುತ್ತದೆ.

ಡಿ.ಎಲ್.ಇಡಿಯ ಬೋಧನಾಭ್ಯಾಸದಲ್ಲಿ ಶಿಕ್ಷಕಿ ಹೆಚ್ಚಾಗಿ ಪಾಠ ಮಾಡಿದ್ದು ಪೇಟೆ ಶಾಲೆಯ ನಾಲ್ಕು, ಐದನೇ ತರಗತಿಗಳಿಗೆ. ಮೇಲ್ವಿಚಾರಕರು ಹಿಂದೆ ಕೂತಿರುತ್ತಾರೆ, ಮಕ್ಕಳು ಮೊದಲೇ ತಯಾರಾಗಿರುತ್ತಾರೆ, ಪಾಠ ಟಿಪ್ಪಣಿಯಂತೆ ನಲವತ್ತು ನಿಮಿಷ ಹೋಗುತ್ತದೆ. ನಲಿ-ಕಲಿ ಕೋಣೆಯನ್ನು ದಿನವಿಡೀ ಒಬ್ಬರೇ ನಡೆಸಿದ ಅನುಭವ ಬಹುತೇಕ ಸೊನ್ನೆ. ಇದು ಇವರೊಬ್ಬರ ಕತೆಯಲ್ಲ.

ಜೂನ್, ಜುಲೈ ಮಳೆ ರಜೆಗಳಲ್ಲಿ ಹರಿದು ಹಂಚಿಹೋಯಿತು. ಆಗಸ್ಟ್ ಹೊತ್ತಿಗೆ ಚಿತ್ರ ಹೀಗಿತ್ತು: ಒಂದನೇ ತರಗತಿಯ ಆರರಲ್ಲಿ ಐವರು ಕಲಿಕಾ ಏಣಿಯ ಮೊದಲ ಮೈಲಿಗಲ್ಲನ್ನೂ ದಾಟಿರಲಿಲ್ಲ. ಗೋಡೆಯ ಕೆಳಭಾಗದಲ್ಲಿರುವ ಮಕ್ಕಳ ಕರಿಹಲಗೆಯ ಮೇಲೆ ‘ಸ’ ಬರೆ ಎಂದರೆ ಮುದ್ದಾಗಿ ಬರೆಯುತ್ತಿದ್ದರು. ಇದೇನು, ಇದರಿಂದ ಶುರುವಾಗುವ ಪದ ಯಾವುದು ಎಂದರೆ ನೆಲ ನೋಡುತ್ತಿದ್ದರು. ಅಂಗನವಾಡಿಗೆ ಸರಿಯಾಗಿ ಹೋಗಿಲ್ಲ, ಮನೆಯಲ್ಲಿ ಓದಿಸುವವರಿಲ್ಲ, ಮಕ್ಕಳು ನಿಧಾನ ಎಂದು ಶಿಕ್ಷಕಿ ಡೈರಿಯಲ್ಲಿ ಬರೆದುಕೊಂಡರು.

ಮೊದಲು ಮಾಡಿದ್ದು

ನಿಧಾನ ಎಂದು ತೀರ್ಮಾನವಾದ ಮೇಲೆ ಮದ್ದೂ ಅದಕ್ಕೆ ತಕ್ಕಂತೆಯೇ ಇರುತ್ತದೆ: ಇನ್ನಷ್ಟು ಬರೆಸುವುದು. ಪ್ರತಿ ಅಕ್ಷರ ಹತ್ತು ಸಲ, ಸಂಜೆ ಅರ್ಧ ಗಂಟೆ ಹೆಚ್ಚು, ಪಾಲಕರನ್ನು ಕರೆದು ಮನೆಯಲ್ಲಿ ಕೂರಿಸಿ ಎನ್ನುವುದು. ಮೂರು ವಾರದಲ್ಲಿ ಕೈಬರಹ ಇನ್ನೂ ದುಂಡಗಾಯಿತು, ಓದು ಇದ್ದಲ್ಲೇ ಇತ್ತು. ಸಂಜೆ ನಿಲ್ಲಿಸಿಕೊಂಡ ಐವರಲ್ಲಿ ಇಬ್ಬರು ಬೆಳಿಗ್ಗೆ ಬರುವುದನ್ನೂ ಬಿಡತೊಡಗಿದರು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದಿತ್ತು. ಅಪ್ಪ ಬೋಟಿಗೆ, ಅಮ್ಮ ಬೆಳಗಾಗುವ ಮೊದಲೇ ಮೀನು ಬುಟ್ಟಿ ಹೊತ್ತು ಪೇಟೆಗೆ. ಮಗುವನ್ನು ಎಬ್ಬಿಸಿ ಕಳಿಸುವವರು ಅಜ್ಜಿ ಅಥವಾ ಅಕ್ಕ. ಶಾಲೆ ಬೇಸರವಾದ ಮಗುವನ್ನು ಅವರು ಎಷ್ಟೆಂದು ಒತ್ತಾಯಿಸಿಯಾರು?

ಕಾಪಿ ಬರೆಸುವುದು ಯಾಕೆ ಫಲ ಕೊಡಲಿಲ್ಲ ಎಂಬುದು ಮುಖ್ಯ. ಅಕ್ಷರ ಬಲ್ಲ ಮಗು ಅ-ರ-ಸ ಎಂದು ಕೂಡಿಸಿ ಹೇಳಿದಾಗ ಕಿವಿಗೆ ಕೇಳಿದ್ದು ತನಗೆ ಮೊದಲೇ ಗೊತ್ತಿರುವ ಮಾತಾಗಿದ್ದರೆ ‘ಓಹೋ’ ಎನ್ನುತ್ತದೆ. ಆ ಗುರುತು ಹತ್ತುವುದೇ ಓದು. ಈ ಐವರ ಹಾಗೆ ಮನೆಯಲ್ಲಿ ಕೊಂಕಣಿ ಮಾತ್ರ ಕೇಳಿದ ಮಗುವಿಗೆ ಅರಸನೂ ಇಲ್ಲ, ಅಗಸನೂ ಇಲ್ಲ; ಮೂರು ಸದ್ದುಗಳು ಮಾತ್ರ.

ಹಾಲಿನ ಲೋಟ

ತಿರುವು ಸಿಕ್ಕಿದ್ದು ಕ್ಷೀರಭಾಗ್ಯದ ಹಾಲು ಹಂಚುವ ಹೊತ್ತಿನಲ್ಲಿ. ಒಂದನೇ ತರಗತಿಯ ಹುಡುಗಿಯೊಬ್ಬಳು ಅಡುಗೆಯವರಿಗೆ ನೆರವಾಗಲು ತನ್ನ ತರಗತಿಯವರ ಲೋಟ ಸಾಲಾಗಿ ಇಡುತ್ತಿದ್ದಳು: ಏಕ್, ದೋನ್, ತೀನ್, ಚಾರ್, ಪಾಂಚ್, ಸ. ಆರನೆಯದನ್ನು ಇಟ್ಟವಳು ಬಾಗಿಲ ಕಡೆ ನೋಡಿ, ಬಾರದ ಹುಡುಗನ ಹೆಸರು ಹೇಳಿ, ಒಂದು ಲೋಟ ತೆಗೆದು ಐದು ಸಾಕು ಎಂದು ಅಡುಗೆಯವರಿಗೆ ಕೊಂಕಣಿಯಲ್ಲಿ ಹೇಳಿದಳು. ಒಂದು ಗಂಟೆಯ ಬಳಿಕ ಚಾಪೆಯ ಮೇಲೆ ಕೂತು ‘ಆರರಲ್ಲಿ ಒಂದು ತೆಗೆದರೆ ಎಷ್ಟು?’ ಎಂದಾಗ ಅದೇ ಹುಡುಗಿ ಮೌನ.

ಶಿಕ್ಷಕಿ ಟಿಇಟಿಯಲ್ಲಿ ಮನೆಭಾಷೆಯ ಕುರಿತ ಪ್ರಶ್ನೆಗೆ ಸರಿಯುತ್ತರ ಗುರುತಿಸಿದ್ದವರೇ. ಆದರೆ ಮಕ್ಕಳು ‘ನಮಸ್ತೆ ಅಕ್ಕೋರೆ’ ಎಂದು ಕನ್ನಡದಲ್ಲೇ ಹೇಳುತ್ತಿದ್ದರು, ಕನ್ನಡ ಹಾಡಿಗೆ ಕುಣಿಯುತ್ತಿದ್ದರು. ಕನ್ನಡ ಬರುತ್ತದೆ ಎಂದು ನಂಬಲು ಅಷ್ಟು ಸಾಕಾಗಿತ್ತು. ಹಾಡು ಬಾಯಿಗೆ ಬರುವುದಕ್ಕೂ ಪ್ರಶ್ನೆ ತಿಳಿಯುವುದಕ್ಕೂ ಇರುವ ಅಂತರ ಹೊಸಬರಿಗೆ ಕಾಣುವುದು ಕಷ್ಟ.

ಮುಂದೆ ಅವರು ತೆಗೆದುಕೊಂಡ ನಿರ್ಧಾರ ಈ ಪ್ರಕರಣದ ಅತ್ಯಂತ ಉಪಯುಕ್ತ ಭಾಗ. ಎಲ್ಲರಿಗೂ ಭಾಷೆಯೇ ತೊಡಕು ಎಂದು ಒಂದೇ ಗೆರೆ ಎಳೆಯಲಿಲ್ಲ. ಐವರನ್ನೂ ಒಬ್ಬೊಬ್ಬರನ್ನಾಗಿ ಮೂರು ಬಗೆಯಲ್ಲಿ ನೋಡಿದರು. ಮೊದಲು ಕನ್ನಡದಲ್ಲಿ ಕೇಳುವುದು. ಅದೇ ಪ್ರಶ್ನೆಯನ್ನು ಮೂರನೇ ತರಗತಿಯ ಮಗುವಿನ ಬಾಯಲ್ಲಿ ಕೊಂಕಣಿಯಲ್ಲಿ ಕೇಳಿಸುವುದು. ಕೊನೆಗೆ ಮಾತೇ ಇಲ್ಲದೆ ಮಾಡಿ ತೋರಿಸಿ, ಅದರಂತೆ ಮಾಡಿಸುವುದು: ಆರು ಚಿಪ್ಪು ಇಟ್ಟು ಒಂದು ಮುಚ್ಚಿ, ಉಳಿದಷ್ಟು ಕಡ್ಡಿ ಇಡು. ನಾಲ್ವರು ಕನ್ನಡದಲ್ಲಿ ಮಾತ್ರ ತಪ್ಪಿದರು, ಉಳಿದೆರಡರಲ್ಲಿ ಸಲೀಸು. ಐದನೆಯ ಹುಡುಗ ಮಾಡಿ ತೋರಿಸಿದ್ದನ್ನು ಮಾಡಿದ, ಕೊಂಕಣಿಯಲ್ಲಿ ಕೇಳಿದ್ದಕ್ಕೂ ಪೆಚ್ಚಾಗಿ ನೋಡಿದ. ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಕಿವಿಯಲ್ಲಿ ಸೋರುವಿಕೆ ಇತ್ತು. ಶಾಲಾ ಆರೋಗ್ಯ ತಪಾಸಣೆಯ ತಂಡ ಬರುವುದು ವರ್ಷಕ್ಕೊಮ್ಮೆ. ಕಾಯದೆ ಪಾಲಕರಿಗೆ ಹೇಳಿ ಆಸ್ಪತ್ರೆಗೆ ಕಳಿಸಿದರು. ಕೊಂಕಣಿಯಲ್ಲಿ ಕೇಳುವ ಎರಡನೆಯ ಪರೀಕ್ಷೆ ಮಾಡದೇ ಹೋಗಿದ್ದರೆ ಆ ಹುಡುಗನೂ ‘ಕೊಂಕಣಿ ಮಗು’ ಎಂಬ ಲೆಕ್ಕಕ್ಕೆ ಸೇರಿ ಹೋಗುತ್ತಿದ್ದ.

ಬದಲಾದ ಕ್ರಮ, ಅದರಲ್ಲೂ ಒಂದು ಎಡವಟ್ಟು

ಅಕ್ಷರ ಕಾರ್ಡುಗಳನ್ನು ಕೆಲವು ವಾರ ಹಿಂದಕ್ಕಿಟ್ಟು ಮಾತು ಮುಂದೆ ಬಂತು. ಬೆಳಿಗ್ಗೆ ಹತ್ತು ನಿಮಿಷ ಕ್ರಿಯಾಪದಗಳ ಆಟ: ತೆಗೆ, ಇಡು, ಎಣಿಸು, ತೋರಿಸು, ಹಂಚು, ಮುಚ್ಚು. ಶಿಕ್ಷಕಿ ಹೇಳುತ್ತಾ ಮಾಡುತ್ತಾರೆ. ಆಮೇಲೆ ಹೇಳುವುದಷ್ಟೇ, ಮಕ್ಕಳು ಮಾಡುತ್ತಾರೆ. ಮೊದಲ ದಿನಗಳಲ್ಲಿ ಮಕ್ಕಳು ಬಾಯಿ ತೆರೆಯಲೇಬೇಕೆಂಬ ಒತ್ತಾಯವಿಲ್ಲ. ಜೊತೆಗೆ ಒಂದು ನೋಟುಬುಕ್ಕು: ಎಡಕ್ಕೆ ಮಕ್ಕಳಿಂದ ಕೇಳಿದ ಕೊಂಕಣಿ ಮಾತು, ಬಲಕ್ಕೆ ಕನ್ನಡ. ಅಡುಗೆಯವರೇ ಇದಕ್ಕೆ ಗುರು. ನುಸ್ತೆ, ಉದಕ, ಘರ್ ಇವುಗಳಿಂದ ಶುರುವಾದ ಪಟ್ಟಿ ದಸರೆ ರಜೆಯ ಹೊತ್ತಿಗೆ ಮೂರು ಪುಟ ದಾಟಿತು.

ಇಲ್ಲಿ ಕೆಲಸ ಒಂದು ಅಡ್ಡದಾರಿ ಹಿಡಿಯಿತು. ಉತ್ಸಾಹದಲ್ಲಿ ಶಿಕ್ಷಕಿ ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಹೇಳಿ, ತಕ್ಷಣ ಕೊಂಕಣಿಯಲ್ಲೂ ಹೇಳತೊಡಗಿದರು. ಎರಡು ವಾರದಲ್ಲಿ ಮಕ್ಕಳು ಚುರುಕಾದರು, ಆದರೆ ಕನ್ನಡ ಕೇಳಿಸಿಕೊಳ್ಳುವುದನ್ನೇ ಬಿಟ್ಟರು. ಹಿಂದೆಯೇ ಕೊಂಕಣಿ ಬರುತ್ತದೆಂದು ಗೊತ್ತಿದ್ದರೆ ಮೊದಲ ಮಾತಿಗೆ ಕಿವಿಗೊಡುವ ದರ್ದು ಯಾರಿಗಿದೆ? ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಭೇಟಿಗೆ ಬಂದಾಗ ಇದನ್ನು ಗಮನಿಸಿ ಎಚ್ಚರಿಸಿದರು. ಕ್ರಮ ತಿರುಗಿತು: ಶಿಕ್ಷಕಿ ಹೇಳುವುದು ಕನ್ನಡದಲ್ಲೇ, ವಸ್ತು ಹಿಡಿದು, ಕೈಸನ್ನೆ ಮಾಡಿ. ಮಗು ಉತ್ತರವನ್ನು ಕೊಂಕಣಿಯಲ್ಲಿ ಕೊಡಬಹುದು. ಅದನ್ನು ತಪ್ಪೆನ್ನದೆ ಶಿಕ್ಷಕಿ ಕನ್ನಡದಲ್ಲಿ ಮರಳಿ ಹೇಳುತ್ತಾರೆ. ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನ ಇದ್ದಾಗ ಮಾತ್ರ ಕೊಂಕಣಿಯಲ್ಲಿ ಕೇಳುವುದು.

ಅಕ್ಷರಕ್ಕೆ ಮರಳಿದಾಗ ಕಾರ್ಡು ಬದಲಿಸಲಿಲ್ಲ, ಅಕ್ಷರದ ಕ್ರಮವನ್ನೂ ಕೆಡಿಸಲಿಲ್ಲ. ಅದೇ ರ, ಗ, ಸ, ದ, ಅ. ಪದ ಮಾತ್ರ ಆರಿಸಿಕೊಂಡರು. ‘ದರ’ ಮುಂದೆ ಬಂತು. ಮೀನು ಹರಾಜು ನೋಡಿ ಬೆಳೆದ ಮಕ್ಕಳಿಗೆ ಅದು ಮನೆಮಾತು. ಕಾರ್ಡಿನ ಪಕ್ಕ ಮಕ್ಕಳೇ ಬಿಡಿಸಿದ ಮೀನು ಬುಟ್ಟಿಯ ಚಿತ್ರ ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ತೂಗಿತು. ‘ಸರ’ ಇತ್ತು, ‘ದಸರ’ ಬಂತು. ಅರಸ, ಅಗಸ ಇಬ್ಬರೂ ಕತೆಯೊಂದರಲ್ಲಿ ಪರಿಚಯವಾದ ಮೇಲೆ ಬಂದರು. ಸಹಪಾಠಿ ಬೆಂಬಲದ ಗುಂಪಿನಲ್ಲಿ ಒಂದನೇ ತರಗತಿಯವರ ಪಕ್ಕ ಎರಡೂ ಭಾಷೆ ಬಲ್ಲ ಎರಡನೇ ತರಗತಿಯ ಮಗುವನ್ನು ಬೇಕೆಂದೇ ಕೂರಿಸಿದರು. ಬಹುತರಗತಿ ಕೋಣೆಯನ್ನು ಶಾಪವೆಂದು ಬಯ್ಯುವವರು ಈ ಅನುಕೂಲವನ್ನು ಮರೆಯುತ್ತಾರೆ.

ಪಾಲಕರ ಆಕ್ಷೇಪ

ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತು ಬಂತು. ‘ಅಕ್ಕೋರೆ, ಕೊಂಕಣಿ ಮನೆಯಲ್ಲೇ ಅದೆ. ಶಾಲೆಗೆ ಕಳಿಸೋದು ಕನ್ನಡ, ಇಂಗ್ಲಿಷ್ ಕಲೀಲಿ ಅಂತ.’ ಇಬ್ಬರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಮಾತನ್ನೂ ಆಡಿದರು. 27 ಮಕ್ಕಳ ಶಾಲೆಯಲ್ಲಿ ಇಬ್ಬರು ಹೋಗುವುದು ಸಣ್ಣ ಸಂಗತಿಯಲ್ಲ. ಸಂಖ್ಯೆ ಇಳಿದರೆ ಮರುವರ್ಷ ಅತಿಥಿ ಶಿಕ್ಷಕರ ಹುದ್ದೆಗೇ ಕುತ್ತು.

ಶಿಕ್ಷಕಿ ವಾದಕ್ಕೆ ನಿಲ್ಲಲಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಮುಂದಿನ ಶನಿವಾರ ಬೆಳಗಿನ ಶಾಲೆಗೆ ಪಾಲಕರನ್ನು ಕರೆದರು. ಮಕ್ಕಳು ಕನ್ನಡದ ಮಾತು ಕೇಳಿ ಮಾಡಿ ತೋರಿಸಿದರು, ಗೊತ್ತಿರುವ ಹತ್ತು-ಹನ್ನೆರಡು ಪದ ಓದಿದರು. ಕೊಂಕಣಿಯನ್ನು ಎಲ್ಲಿ ಬಳಸುತ್ತೇವೆ, ಎಲ್ಲಿ ಬಳಸುವುದಿಲ್ಲ ಎಂದು ನೋಟುಬುಕ್ಕು ತೋರಿಸಿ ಹೇಳಿದರು. ದೀಪಾವಳಿಯ ನಂತರ ದಿನನಿತ್ಯದ ಸೂಚನೆಗಳು ಕನ್ನಡದಲ್ಲಿ ಮಾತ್ರ ಎಂದು ಒಪ್ಪಂದವಾಯಿತು. ಪಾಲಕರ ಆತಂಕದಲ್ಲಿ ಹುರುಳಿತ್ತು ಎಂದೇ ಹೇಳಬೇಕು. ಕೊಂಕಣಿಯನ್ನು ಯಾವಾಗ ಹಿಂದಕ್ಕೆ ಸರಿಸುತ್ತೇವೆಂದು ಆವರೆಗೆ ಯಾರೂ ದಿನ ಗೊತ್ತು ಮಾಡಿರಲಿಲ್ಲ. ಆ ಇಬ್ಬರು ಮಕ್ಕಳು ಶಾಲೆ ಬಿಡಲಿಲ್ಲ.

ವರ್ಷದ ಕೊನೆಗೆ

ಮಾರ್ಚ್ ಕೊನೆಗೆ ನಾಲ್ವರಲ್ಲಿ ಮೂವರು ಒತ್ತಕ್ಷರವಿಲ್ಲದ ಸರಳ ವಾಕ್ಯಗಳನ್ನು ಓದಿ, ಅದರ ಮೇಲಿನ ಪ್ರಶ್ನೆಗೆ ಕನ್ನಡದಲ್ಲಿ, ಕೊಂಕಣಿ ಬೆರೆಸಿ, ಉತ್ತರಿಸುತ್ತಿದ್ದರು. ನಾಲ್ಕನೆಯ ಮಗುವಿನ ಕುಟುಂಬ ಡಿಸೆಂಬರಿನಲ್ಲಿ ಕೆಲಸಕ್ಕೆಂದು ಗೋವಾಕ್ಕೆ ಹೋಯಿತು, ವರ್ಗಾವಣೆ ಪತ್ರವನ್ನೂ ಒಯ್ಯಲಿಲ್ಲ. ಕಿವಿಯ ತೊಂದರೆಯ ಹುಡುಗ ಚಿಕಿತ್ಸೆಯ ನಂತರ ಎದುರಿನ ಸಾಲಿಗೆ ಬಂದ. ಜ, ವ, ಮ, ಬ, ನ ಅಕ್ಷರಗಳ ತನಕ ತಲುಪಿದ್ದ. ಮನೆಯಲ್ಲಿ ಕನ್ನಡವಿದ್ದ ಆರನೆಯ ಮಗುವಿಗೆ ಈ ವರ್ಷ ಅಷ್ಟೇನೂ ಒಳ್ಳೆಯದಾಗಲಿಲ್ಲ. ಆಗಸ್ಟ್‌ನಲ್ಲೇ ಮುಂದಿದ್ದ ಆ ಮಗು ಸ್ವಕಲಿಕೆ ಗುಂಪಿನಲ್ಲಿ ಬಹಳ ದಿನ ಒಂಟಿಯಾಗಿ ಕೂತಿತ್ತು. ಐವರತ್ತ ಗಮನ ಹೋದಾಗ ತೆರಬೇಕಾದ ಬೆಲೆ ಅದು.

ಶಿಕ್ಷಕಿ ಅದೇ ವರ್ಷ ಸಮಾಜ ವಿಜ್ಞಾನದಲ್ಲಿ ಪತ್ರಿಕೆ-2 ಪಾಸು ಮಾಡಿಕೊಂಡರು.

ಮುಖ್ಯ ಶಿಕ್ಷಕರಿಗೆ, ಹೊಸಬರಿಗೆ

ಕಾರವಾರದ ಕರಾವಳಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಜೋಯಿಡಾದ ಕುಣಬಿಗಳ ಮಾತು, ಮುಂಡಗೋಡ, ಯಲ್ಲಾಪುರ ಕಡೆ ಗೌಳಿಗಳ ಮರಾಠಿ: ಈ ಜಿಲ್ಲೆಯಲ್ಲಿ ಕನ್ನಡ ಶಾಲೆಯ ಬಾಗಿಲಲ್ಲಿ ಬೇರೆ ಭಾಷೆ ನಿಂತಿರುವುದು ಸಾಮಾನ್ಯ ಸಂಗತಿ. ದಾಖಲಾತಿಯ ದಿನವೇ ‘ಮನೆಯಲ್ಲಿ ಅಜ್ಜಿ ಜೊತೆ ಮಗು ಯಾವ ಮಾತಾಡುತ್ತದೆ?’ ಎಂದು ಕೇಳಿ ಬರೆದಿಡಬೇಕು. ಮಾತೃಭಾಷೆ ಯಾವುದು ಎಂದು ಕೇಳಿದರೆ ಶಾಲೆಗೆ ಒಪ್ಪುವ ಉತ್ತರವನ್ನೇ ಕೆಲವರು ಕೊಡುತ್ತಾರೆ. ಜೂನ್ ಮುಗಿಯುವುದರೊಳಗೆ ಮೇಲಿನ ಮೂರು ಬಗೆಯ ಪರೀಕ್ಷೆಯನ್ನು ಒಂದನೇ ತರಗತಿಯ ಪ್ರತಿ ಮಗುವಿಗೂ ಮಾಡಬಹುದು. ತಲೆಗೆ ಏಳೆಂಟು ನಿಮಿಷ ಸಾಕು, ಬೇಕಾದ ಸಾಮಗ್ರಿ ಚಿಪ್ಪು ಮತ್ತು ಕಡ್ಡಿ.

ಅತಿಥಿ ಶಿಕ್ಷಕರನ್ನು ನಲಿ-ಕಲಿಗೆ ಹಾಕುವುದಾದರೆ ಮೊದಲ ವಾರವಾದರೂ ಮುಖ್ಯ ಶಿಕ್ಷಕರು ಜೊತೆಗೆ ಕೂರಬೇಕು. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಹೊಸಬರನ್ನು 4-5ಕ್ಕೆ ಹಾಕಿ, ಅನುಭವಿಗಳೇ ಸಣ್ಣವರನ್ನು ನೋಡಿಕೊಳ್ಳುವುದು ವಾಸಿ. ಬಹುತೇಕ ಕಡೆ ತಿರುಗಾಮುರುಗ ನಡೆಯುತ್ತದೆ.

ಮುಂದಿನ ಜೂನ್‌ನಲ್ಲಿ ಆ ಶಾಲೆಗೆ ಖಾಯಂ ಶಿಕ್ಷಕರೊಬ್ಬರು ವರ್ಗವಾಗಿ ಬಂದರು, ಅತಿಥಿ ಹುದ್ದೆ ರದ್ದಾಯಿತು. ಶಿಕ್ಷಕಿ ಈಗ ಘಟ್ಟದ ಮೇಲೆ ಇನ್ನೊಂದು ಶಾಲೆಯಲ್ಲಿ ಅತಿಥಿಯಾಗಿದ್ದಾರೆ, ಮುಂದಿನ ನೇಮಕಾತಿಗೆ ಓದುತ್ತಿದ್ದಾರೆ. ಕೊಂಕಣಿ ನೋಟುಬುಕ್ಕನ್ನು ಕರಾವಳಿ ಶಾಲೆಯ ಕಪಾಟಿನಲ್ಲೇ ಬಿಟ್ಟು ಹೋಗಿದ್ದರು. ಹೊಸಬರು ಅದರ ಕ್ರಿಯಾಪದಗಳ ಆಟವನ್ನು ಉಳಿಸಿಕೊಂಡಿದ್ದಾರೆ, ಪದಪಟ್ಟಿಯನ್ನು ಬಿಟ್ಟಿದ್ದಾರೆ. ಅವರ ಮನೆಮಾತೇ ಕೊಂಕಣಿ.